ಗ್ಲೌಸ್ ಕೊಟ್ಟರೂ ಹಾಕುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ಗಂಡ ಹೆಂಡತಿ ಮಂಗಳೂರಿನಲ್ಲಿ ಕಸ ಸಾಗಿಸುವ ಸಣ್ಣ ವ್ಯವಹಾರ ನಡೆಸುತ್ತಿದ್ದೇವೆ. ಎರಡು ಟಿಪ್ಪರ್ ಇದೆ. ಕೆಲಸಕ್ಕೆ ಹನ್ನೆರಡು ಮಂದಿ, ಅದರಲ್ಲಿ ನಾಲ್ವರು ಹೆಂಗಸರು. ಕದ್ರಿ, ಬಿಜೈ, ಕಂಕನಾಡಿ ಕಡೆಯ ಫ್ಲಾಟ್‌ಗಳ ಕಸ ಒಯ್ಯುತ್ತೇವೆ. ಹಳೆ ಮನೆ ಖಾಲಿ ಮಾಡಿ ಕೊಡುತ್ತೇವೆ, ರಿಪೇರಿ ಆದ ಮನೆಗಳ ಕಲ್ಲು ಮಣ್ಣು ತೆಗೆಯುತ್ತೇವೆ. ಮೂರು ವಾರದ ಹಿಂದೆ ಒಬ್ಬ ಹುಡುಗನಿಗೆ ಕಸದ ಚೀಲದೊಳಗಿದ್ದ ಇಂಜೆಕ್ಷನ್ ಸೂಜಿ ಚುಚ್ಚಿತು. ಟಿಟಿ ಕೊಡಿಸಿದೆವು. ಗ್ಲೌಸ್ ತಂದುಕೊಟ್ಟರೂ ಯಾರೂ ಹಾಕುವುದಿಲ್ಲ, ಬೈದರೆ ಒಂದು ದಿನ ಹಾಕುತ್ತಾರೆ ಅಷ್ಟೆ. ಈಗ ಒಂದು ಅಪಾರ್ಟ್‌ಮೆಂಟಿನವರು ಮಳೆಗಾಲದ ಮೊದಲು ಕೊಳಚೆ ಟ್ಯಾಂಕಿನ ಹೂಳು ತೆಗೆದುಕೊಡಿ, ಡಬಲ್ ದುಡ್ಡು ಕೊಡುತ್ತೇವೆ ಅಂತಿದ್ದಾರೆ. ಹುಡುಗರೂ ತಯಾರಿದ್ದಾರೆ. ಒಪ್ಪಿಕೊಳ್ಳಬಹುದಾ? ಇಎಸ್‌ಐ (ಕಾರ್ಮಿಕರ ವಿಮೆ) ಇನ್ನೂ ಮಾಡಿಸಿಲ್ಲ.

ಉತ್ತರ: ಮೊದಲು ಆ ಹುಡುಗನ ವಿಷಯ. ಉಳಿದದ್ದನ್ನು ಓದುವ ಮುಂಚೆ ಅವನನ್ನು ವೆನ್‌ಲಾಕ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟಿಟಿ ಕೊಡಿಸಿದ್ದು ಸರಿ. ಆದರೆ ಅದು ಧನುರ್ವಾಯುವನ್ನು ಮಾತ್ರ ತಡೆಯುತ್ತದೆ. ಬಳಸಿದ ಸೂಜಿ ಚುಚ್ಚಿದಾಗ ನೋಡಬೇಕಾದ್ದು ರಕ್ತದಿಂದ ಬರುವ ಮೂರು ಸೋಂಕುಗಳನ್ನು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ.

ಜನ ಹೆದರುವುದು ಎಚ್‌ಐವಿಗೆ. ನಿಜವಾಗಿ ಹೆಚ್ಚು ಹೆದರಬೇಕಾದ್ದು ಹೆಪಟೈಟಿಸ್ ಬಿಗೆ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರದಲ್ಲಿ ಸುಮಾರು ಮೂರು ಸಲ. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಹಾಕಿಸಿಕೊಳ್ಳದವರಿಗೆ ಅದು ನೂರರಲ್ಲಿ 30ರವರೆಗೂ ತಗಲಬಹುದು. ಒಣಗಿದ ರಕ್ತದಲ್ಲೂ ಆ ವೈರಸ್ ಒಂದು ವಾರ ಬದುಕುತ್ತದೆ. ಒಂದು ಸಮಾಧಾನ ಏನೆಂದರೆ ಇದಕ್ಕೆ ಒಳ್ಳೆಯ ಲಸಿಕೆ ಇದೆ.

ಎಚ್‌ಐವಿ ತಡೆಯುವ ಮಾತ್ರೆಯನ್ನು ಚುಚ್ಚಿದ 72 ಗಂಟೆಯೊಳಗೆ ಶುರು ಮಾಡಬೇಕಿತ್ತು. ಆ ಹೊತ್ತು ದಾಟಿದೆ. ಹಾಗಂತ ಕೈಚೆಲ್ಲಬೇಡಿ. ಈಗ ಒಂದು ಸಲ ರಕ್ತಪರೀಕ್ಷೆ ಮಾಡಿಸಿ. ಆಮೇಲೆ ಚುಚ್ಚಿ ಆರು ವಾರವಾದಾಗ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಮಾಡಿಸಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ವಿಷಯ ಗುಟ್ಟಾಗಿ ಇಡುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಇಂದೇ ಹಾಕಿಸಬಹುದೇ ಅಂತ ಡಾಕ್ಟರನ್ನು ಕೇಳಿ. ಪರೀಕ್ಷೆಗಳೆಲ್ಲ ಮುಗಿಯುವ ತನಕ ಅವನು ರಕ್ತದಾನ ಮಾಡಬಾರದು. ಮದುವೆಯಾಗಿದ್ದರೆ ಕಾಂಡೋಮ್ ಬಳಸಬೇಕು. ಇದನ್ನು ಅವನಿಗೆ ಬಿಡಿಸಿ ಹೇಳಿ, ನಾಚಿಕೆಯಿಂದ ನುಂಗಿಕೊಳ್ಳಬೇಡಿ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗರು ಇಂಥ ಭಯವನ್ನು ಯಾರಿಗೂ ಹೇಳದೆ ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುವುದನ್ನು ನಾನು ನೋಡಿದ್ದೇನೆ. ಪರೀಕ್ಷೆಯ ದಿನ ಅವನ ಜೊತೆ ನೀವೇ ಹೋಗಿ. ಆ ದಿನದ ಸಂಬಳ ಕಟ್ ಮಾಡಬೇಡಿ.

ಮುಂದೆ ಯಾರಿಗಾದರೂ ಚುಚ್ಚಿದರೆ ಏನು ಮಾಡಬೇಕು ಅನ್ನುವುದು ಹನ್ನೆರಡೂ ಮಂದಿಗೆ ಗೊತ್ತಿರಬೇಕು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯುವುದು. ಬೆರಳು ಹಿಂಡಬಾರದು, ಬಾಯಿ ಹಾಕಿ ಚೀಪಬಾರದು. ಫಿನಾಯಿಲ್, ಬ್ಲೀಚಿಂಗ್, ಅರಿಶಿನ ಏನೂ ಬೇಡ. ಕೆಲಸ ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಡುವುದು. ಎರಡು ಗಂಟೆಯೊಳಗೆ ಮಾತ್ರೆ ಶುರುವಾದರೆ ಅತ್ಯುತ್ತಮ, ಅದನ್ನು 28 ದಿನ ನುಂಗಬೇಕು. ಮಂಗಳೂರಲ್ಲಿ ವೆನ್‌ಲಾಕ್, ಉಡುಪಿಯಲ್ಲಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಸಂಜೆ ಕೆಲಸ ಮುಗಿಸಿ ಹೋಗೋಣ ಅಂತ ಕೂರಬಾರದು.

ಉಳಿದ ಹನ್ನೊಂದು ಮಂದಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ನೀವಿಬ್ಬರೂ ಹಾಕಿಸಿಕೊಳ್ಳಿ. ಧನುರ್ವಾಯು ಲಸಿಕೆ ಹತ್ತು ವರ್ಷಕ್ಕೊಮ್ಮೆ. ಆಸ್ಪತ್ರೆ ಕಸ ಮುಟ್ಟುವವರಿಗೆ ಈ ಎರಡು ಲಸಿಕೆ ಕೊಡಲೇಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿದೆ. ಫ್ಲಾಟ್ ಕಸದಲ್ಲೂ ಸೂಜಿ ಬರುತ್ತದೆ ಅಂದಮೇಲೆ ನಿಮ್ಮವರಿಗೂ ಅದೇ ರಕ್ಷಣೆ ಬೇಕಲ್ವಾ?

ಈಗ ಟ್ಯಾಂಕ್. ಒಪ್ಪಿಕೊಳ್ಳಬೇಡಿ. ಡಬಲ್ ಅಲ್ಲ, ಹತ್ತು ಪಟ್ಟು ಕೊಟ್ಟರೂ ಬೇಡ. ಹುಡುಗರು ತಯಾರಿದ್ದಾರೆ ಅನ್ನುವುದು ಇಲ್ಲಿ ಕಾರಣವೇ ಅಲ್ಲ. ಅವರಿಗೆ ಒಳಗೆ ಏನಿದೆ ಅಂತ ಗೊತ್ತಿಲ್ಲ, ಅದಕ್ಕೇ ತಯಾರಿದ್ದಾರೆ.

ಕೊಳಚೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ವಾಸನೆ ಬಂದರೆ ಜಾಗ್ರತೆ ಮಾಡಿದರಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈ ಅನಿಲದ ದೊಡ್ಡ ಮೋಸ ಇರುವುದೇ ಇಲ್ಲಿ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ನೂರು ಪಾಲು ಆಯಿತು ಅಂದರೆ ಕೆಲವೇ ನಿಮಿಷದಲ್ಲಿ ಮೂಗಿನ ಶಕ್ತಿ ಸತ್ತುಹೋಗುತ್ತದೆ. ಒಳಗಿರುವವನಿಗೆ 'ವಾಸನೆ ಕಡಿಮೆ ಆಯ್ತು' ಅನ್ನಿಸುತ್ತದೆ. ಐನೂರು ದಾಟಿದರೆ ಪ್ರಜ್ಞೆ ತಪ್ಪುತ್ತದೆ. ಸಾವಿರದ ಹತ್ತಿರ ಹೋದರೆ ಒಂದೆರಡು ಉಸಿರಿಗೇ ಕುಸಿದು ಬೀಳುತ್ತಾನೆ. ಕೂಗಲಿಕ್ಕೂ ಸಮಯ ಸಿಗುವುದಿಲ್ಲ.

ಮುಚ್ಚಳ ತೆಗೆದು ಒಂದು ದಿನ ಗಾಳಿಗೆ ಬಿಟ್ಟೆವು ಅನ್ನುವವರಿದ್ದಾರೆ. ಆ ಅನಿಲ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಹೂಳಿನೊಳಗೂ ಅದು ಸಿಕ್ಕಿಕೊಂಡಿರುತ್ತದೆ. ಮೇಲೆ ಎಲ್ಲ ಸರಿಯಿದ್ದರೂ ಸಲಿಕೆ ಹಾಕಿ ಕದಡಿದ ಕ್ಷಣ ಒಮ್ಮೆಗೇ ಹೊರಬರುತ್ತದೆ. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಮುಖಕ್ಕೆ ಕಟ್ಟಿದ ಒದ್ದೆ ಬೈರಾಸಿನಿಂದ ಏನೇನೂ ಪ್ರಯೋಜನ ಇಲ್ಲ. ದೀಪ ಇಳಿಸಿ ನೋಡುವ ಅಭ್ಯಾಸ ನಮ್ಮ ಬಾವಿ ಕೆಲಸದವರಲ್ಲಿದೆ. ದೀಪ ಆರಿದರೆ ಆಮ್ಲಜನಕ ಕಡಿಮೆ ಇದೆ ಅಂತ ಗೊತ್ತಾಗುತ್ತದೆ, ನಿಜ. ಆದರೆ ಈ ವಿಷಾನಿಲ ಇದೆಯಾ ಇಲ್ಲವಾ ಅಂತ ದೀಪ ಹೇಳುವುದಿಲ್ಲ. ಮೇಲಾಗಿ ಕೊಳಚೆಯಲ್ಲಿ ಮೀಥೇನ್ ಕೂಡ ಇರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 5ರಿಂದ 15ರಷ್ಟು ಸೇರಿದಾಗ ಕಿಡಿ ತಗುಲಿದರೆ ಸ್ಫೋಟವಾಗುತ್ತದೆ.

2021ರ ಏಪ್ರಿಲ್ ನಿಮಗೆ ನೆನಪಿರಬಹುದು. ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಐವರು ಸತ್ತರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು. ಮೀನಿನ ತ್ಯಾಜ್ಯದ ಗುಂಡಿಗೆ ಒಬ್ಬ ಬಿದ್ದ. ಅವನನ್ನು ಎತ್ತಲು ಜೊತೆಯವರು ಇಳಿದರು. ಗುಂಡಿಗಳ ಸಾವು ಹೆಚ್ಚಾಗಿ ಹೀಗೇ ಆಗುವುದು. ಮೊದಲನೆಯವನನ್ನು ಅನಿಲ ಕೊಲ್ಲುತ್ತದೆ. ಎರಡನೆಯವನು, ಮೂರನೆಯವನು ಸಾಯುವುದು ಗೆಳೆತನದಿಂದ. ಆದ್ದರಿಂದ ನಿಮ್ಮವರಿಗೆ ಒಂದು ಮಾತು ಮತ್ತೆ ಮತ್ತೆ ಹೇಳಿ. ಯಾರಾದರೂ ಗುಂಡಿಗೆ, ಟ್ಯಾಂಕಿಗೆ, ಹಾಳು ಬಾವಿಗೆ ಬಿದ್ದರೆ ಹಿಂದೆ ಯಾರೂ ಇಳಿಯಕೂಡದು. 112ಕ್ಕೆ ಫೋನ್ ಮಾಡಿ. ಅಗ್ನಿಶಾಮಕದವರು ಉಸಿರಾಟದ ಸಿಲಿಂಡರ್ ಹಾಕಿಕೊಂಡು ಇಳಿಯಲಿ. ಅಷ್ಟರವರೆಗೆ ಮೇಲಿನಿಂದ ಬ್ಲೋವರ್ ಇದ್ದರೆ ಗಾಳಿ ಹಾಯಿಸಿ. ನಿಂತು ನೋಡುವುದು ಕರುಳು ಹಿಂಡುವ ಕೆಲಸ, ನನಗೆ ಗೊತ್ತು. ಆದರೂ ಇಳಿಯಬಾರದು.

ಕಾನೂನೂ ಸ್ಪಷ್ಟವಾಗಿದೆ. ಮಲ ಬಾಚುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕೆಲಸಕ್ಕೂ ತಡೆಯಿದೆ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಒಳಚರಂಡಿ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಅಪಾರ್ಟ್‌ಮೆಂಟಿನವರಿಗೆ ಈ ಮಾತು ತಿಳಿಸಿ. ಟ್ಯಾಂಕನ್ನು ಹೀರುವ ಯಂತ್ರದ ಗಾಡಿಯಿಂದ ಖಾಲಿ ಮಾಡಿಸಬೇಕು. ಅದಕ್ಕೆ ಪಾಲಿಕೆಯನ್ನು ಕೇಳಲಿ, ಅಥವಾ 14420 ಸಹಾಯವಾಣಿಗೆ ಫೋನ್ ಮಾಡಲಿ. ಯಂತ್ರ ಬಂದಾಗಲೂ ತಳದ ಗಟ್ಟಿ ಹೂಳಿಗೆ ಒಬ್ಬ ಇಳಿಯಲಿ ಅನ್ನುವ ಒತ್ತಾಯ ಬರುತ್ತದೆ. ಆಗಲೂ ಉತ್ತರ ಒಂದೇ. ನೀರು ಹೊಡೆದು ಕರಗಿಸಿ ಹೀರಬೇಕು.

ಇನ್ನು ಗ್ಲೌಸ್. ಅವರು ಯಾಕೆ ಹಾಕುವುದಿಲ್ಲ ಅಂತ ಕೂರಿಸಿ ಕೇಳಿದ್ದೀರಾ? ಬೈಯುವ ಮೊದಲು ಕೇಳಿ. ನಾನು ಕೇಳಿದಾಗೆಲ್ಲ ಸಿಕ್ಕ ಕಾರಣಗಳು ನ್ಯಾಯವಾದವೇ. ನಮ್ಮ ಕರಾವಳಿಯ ಸೆಕೆಗೆ ರಬ್ಬರ್ ಗ್ಲೌಸ್ ಒಳಗೆ ಹತ್ತು ನಿಮಿಷಕ್ಕೆ ಬೆವರು ತುಂಬುತ್ತದೆ. ಕೈ ಜಾರುತ್ತದೆ. ಗಂಟು ಬಿಚ್ಚಲು ಆಗುವುದಿಲ್ಲ. ಹೆಂಗಸರ ಕೈಗೆ ದೊಡ್ಡದಾಗುತ್ತದೆ, ಯಾಕೆಂದರೆ ತಂದದ್ದು ಒಂದೇ ಅಳತೆ. ನಿನ್ನೆಯ ಒದ್ದೆ ಗ್ಲೌಸನ್ನೇ ಇವತ್ತು ಹಾಕಬೇಕು. ಬೆರಳ ಸಂದಿಯಲ್ಲಿ ತುರಿಕೆ, ಹುಣ್ಣು. ಹರಿದರೆ ಇನ್ನೊಂದು ಕೇಳಲು ಹೆದರಿಕೆ. ಇಷ್ಟೆಲ್ಲ ಇರುವಾಗ ಹಾಕದೇ ಇರುವುದು ಉಡಾಫೆ ಅಲ್ಲ.

ಇನ್ನೊಂದು ವಿಷಯ ನೀವು ತಿಳಿದಿರಬೇಕು. ಅಂಗಡಿಯಲ್ಲಿ ಸಿಗುವ ಬಹುತೇಕ ಎಲ್ಲ ಗ್ಲೌಸನ್ನೂ ಇಂಜೆಕ್ಷನ್ ಸೂಜಿ ತೂರಿ ಹೋಗುತ್ತದೆ. ಆ ಹುಡುಗ ಗ್ಲೌಸ್ ಹಾಕಿದ್ದರೂ ಚುಚ್ಚುತ್ತಿತ್ತು. ಕಸದ ಕೆಲಸದಲ್ಲಿ ಸುರಕ್ಷತೆ ಗ್ಲೌಸಿನಿಂದ ಶುರುವಾಗುವುದಿಲ್ಲ, ಅದು ಕೊನೆಯ ಗೋಡೆ. ಒಳಗೇನಿದೆ ಅಂತ ಗೊತ್ತಿಲ್ಲದ ಜಾಗಕ್ಕೆ ಕೈ ಹಾಕಬೇಕಾದ ಸಂದರ್ಭವೇ ಬರದ ಹಾಗೆ ಕೆಲಸ ಜೋಡಿಸಬೇಕು. ಅದು ಕೆಲಸಗಾರನ ಕೈಯಲ್ಲಿ ಇಲ್ಲ, ನಿಮ್ಮ ಕೈಯಲ್ಲಿ ಉಂಟು.

ಸೂಜಿ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಸಕ್ಕರೆ ಕಾಯಿಲೆಯವರ ಮನೆಯಿಂದ. ಇನ್ಸುಲಿನ್ ಚುಚ್ಚಿಕೊಂಡು ಸೂಜಿಯನ್ನು ಕಸದ ಡಬ್ಬಿಗೆ ಎಸೆಯುತ್ತಾರೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ, ಚೀಲವನ್ನು ಎತ್ತುವ ಕೈ ಅವರಿಗೆ ಕಾಣುವುದಿಲ್ಲ ಅಷ್ಟೆ. ನಿಮ್ಮ ಎಲ್ಲ ಅಪಾರ್ಟ್‌ಮೆಂಟ್‌ಗಳಿಗೆ ಒಂದು ಚೀಟಿ ಕೊಡಿ. ಸೂಜಿ, ಬ್ಲೇಡು, ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚುವ ಲ್ಯಾನ್ಸೆಟ್ ಎಲ್ಲ ಖಾಲಿಯಾದ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಫಿನಾಯಿಲ್ ಬಾಟಲಿ ಸಾಕು. ತುಂಬಿದ ಮೇಲೆ ಮುಚ್ಚಳ ಬಿಗಿದು, ಮೇಲೆ ಕೆಂಪು ಟೇಪ್ ಸುತ್ತಿ, ಬೇರೆಯಾಗಿ ಕೈಗೆ ಕೊಡಿ. ಒಡೆದ ಗಾಜನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ 'ಗಾಜು' ಅಂತ ಬರೆಯಿರಿ. ಡೈಪರ್, ಪ್ಯಾಡ್ ಸುತ್ತಿ ಕೊಡಿ. ಇದು ನೀವು ಬೇಡುವ ಉಪಕಾರ ಅಲ್ಲ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಳಸಿದ ಸೂಜಿ, ಸಿರಿಂಜುಗಳು ಮನೆಯ ಅಪಾಯಕಾರಿ ಕಸದ ಪಟ್ಟಿಯಲ್ಲಿದ್ದವು, ಹಸಿ ಒಣ ಕಸದಿಂದ ಬೇರೆ ಇಡಬೇಕು. ಬೇರೆ ಮಾಡದ ಚೀಲವನ್ನು ವಾಪಸ್ ಇಡುವ ಧೈರ್ಯ ನಿಮ್ಮ ಕೆಲಸದವರಿಗೆ ಇರುವುದಿಲ್ಲ. ಹಾಗಾಗಿ ಅಸೋಸಿಯೇಷನ್ ಜೊತೆ ಆ ಮಾತು ಆಡಬೇಕಾದವರು ನೀವು. ಕ್ಲಿನಿಕ್, ಲ್ಯಾಬ್, ದಂತ ವೈದ್ಯರ ಕಸವನ್ನಂತೂ ಮುಟ್ಟಲೇಬೇಡಿ. ಅದಕ್ಕೆ ಪ್ರತ್ಯೇಕ ಪರವಾನಗಿ ಇರುವ ವ್ಯವಸ್ಥೆ ಇದೆ.

ಚೀಲ ಎತ್ತುವ ರೀತಿ ಮುಖ್ಯ. ಕೊರಳು ಹಿಡಿದು, ಕಾಲಿಗೆ ತಾಗದ ಹಾಗೆ ದೂರ ಹಿಡಿಯಬೇಕು. ಅಡಿಗೆ ಕೈ ಕೊಡಬಾರದು, ಎದೆಗೆ ಅವಚಬಾರದು, ಹೆಗಲಿಗೆ ಹಾಕಬಾರದು. ಟಿಪ್ಪರಿನಲ್ಲಿ ಜಾಗ ಆಗಲಿ ಅಂತ ಕೈಯಿಂದಲೋ ಕಾಲಿಂದಲೋ ಒತ್ತುವುದನ್ನು ಪೂರ್ತಿ ನಿಲ್ಲಿಸಿ. ಸೂಜಿ ಗಾಯ ಜಾಸ್ತಿ ಆಗುವುದು ಇಲ್ಲೇ. ಜಾಗ ಸಾಲದಿದ್ದರೆ ಇನ್ನೊಂದು ಟ್ರಿಪ್ ಹೊಡೆಸಿ. ಚೀಲದ ಬದಲು ಚಕ್ರ ಇರುವ ಡಬ್ಬಿ ಇಡಿಸಿದರೆ ಅರ್ಧ ಅಪಾಯ ತಾನಾಗಿ ಹೋಗುತ್ತದೆ. ಗುಜರಿಗೆ ಹೋಗುವ ಸಾಮಾನನ್ನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಆರಿಸುವುದು ಬೇಡ. ಸೊಂಟದ ಎತ್ತರಕ್ಕೆ ಒಂದು ಮೇಜು, ಒಳ್ಳೆ ಬೆಳಕು, ಉದ್ದದ ಇಕ್ಕಳ. ಕಾರ್ಕಳ ತಾಲೂಕಿನ ನಿಟ್ಟೆಯ ಒಣ ಕಸ ಘಟಕದಲ್ಲಿ ಕಸ ಬೆಲ್ಟಿನ ಮೇಲೆ ಹರಿದು ಬರುತ್ತದೆ, ಜನ ನಿಂತು ಆರಿಸುತ್ತಾರೆ. ನಿಮಗೆ ಬೆಲ್ಟ್ ಬೇಡ, ಮೇಜು ಸಾಕು.

ಇಷ್ಟು ಮಾಡಿದ ಮೇಲೆ ಗ್ಲೌಸ್. ಕೆಲಸಕ್ಕೆ ತಕ್ಕ ಹಾಗೆ ಬೇರೆ ಬೇರೆ ಬೇಕು. ಒಣ ಕಸಕ್ಕೂ ಕಲ್ಲು ಮಣ್ಣಿಗೂ ಬೆನ್ನು ಬಟ್ಟೆಯದು, ಅಂಗೈಗೆ ನೈಟ್ರೈಲ್ ಅನ್ನುವ ಕೃತಕ ರಬ್ಬರ್ ಮೆತ್ತಿದ್ದು. ಅದರಲ್ಲಿ ಗಾಳಿ ಆಡುತ್ತದೆ, ಹಿಡಿತ ಇರುತ್ತದೆ. ಹಸಿ ಕಸಕ್ಕೆ ಮೊಣಕೈವರೆಗಿನ ರಬ್ಬರ್. ಗಾಜಿಗೆ, ಸುಲಭಕ್ಕೆ ಕೊಯ್ದುಹೋಗದ ದಾರದಿಂದ ಹೆಣೆದದ್ದು. ಒಬ್ಬೊಬ್ಬರ ಕೈ ಅಳತೆ ತೆಗೆದುಕೊಂಡು ಎರಡೆರಡು ಜೊತೆ ಕೊಡಿ, ಒಂದು ಒಣಗುವಾಗ ಇನ್ನೊಂದು. ಹರಿದದ್ದನ್ನು ತೋರಿಸಿದ ಕೂಡಲೇ ಹೊಸದು ಸಿಗಬೇಕು, ಪ್ರಶ್ನೆ ಬೇಡ, ಸಂಬಳದಲ್ಲಿ ಮುರಿಯುವುದು ಬೇಡವೇ ಬೇಡ. ಸಮವಸ್ತ್ರ, ಹೊಳೆಯುವ ಜಾಕೆಟ್, ಗ್ಲೌಸ್, ರೈನ್‌ಕೋಟ್, ಸರಿಯಾದ ಬೂಟು, ಮಾಸ್ಕ್ ಇಷ್ಟೂ ಕೊಡಬೇಕು ಅಂತ ಅದೇ 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಹಾಗೆಯೇ ನೀವು ಗಾಡಿ ಹತ್ತಿರ ಹೋದಾಗ ನೀವೂ ಹಾಕಿಕೊಳ್ಳಿ. ಯಜಮಾನರು ಬರಿಗೈಯಲ್ಲಿ ಚೀಲ ಎತ್ತುವುದನ್ನು ನೋಡಿದ ಹುಡುಗನಿಗೆ ಎಂತ ಹೇಳಿದರೂ ತಲೆಗೆ ಹೋಗುವುದಿಲ್ಲ.

ಕೈ ತೊಳೆಯುವ ವ್ಯವಸ್ಥೆ ಗ್ಲೌಸಿನಷ್ಟೇ ದೊಡ್ಡದು. ಪ್ರತಿ ಟಿಪ್ಪರಿನಲ್ಲಿ ನಲ್ಲಿ ಇರುವ ನೀರಿನ ಕ್ಯಾನ್, ಸೋಪು, ಮೊದಲ ಚಿಕಿತ್ಸೆಯ ಡಬ್ಬಿ ಇರಲಿ. ಚಹಾ, ಬೀಡಿ, ಗುಟ್ಕಾ ಮುಂಚೆ ಕೈ ತೊಳೆಯದೇ ಇದ್ದರೆ ಕಸ ಸೀದಾ ಬಾಯಿಗೆ. ಶೆಡ್ಡಿನಲ್ಲಿ ಸ್ನಾನಕ್ಕೆ ಜಾಗ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಮಾಡಿ. ಹೆಂಗಸರು ಶೌಚಾಲಯ ಸಿಗದು ಅಂತ ಬೆಳಗ್ಗಿನಿಂದ ನೀರೇ ಕುಡಿಯದೆ ದುಡಿಯುತ್ತಾರೆ. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಇದು ತಲೆಸುತ್ತು, ಉರಿಮೂತ್ರ, ಮೂತ್ರದ ಸೋಂಕು ಎಲ್ಲಕ್ಕೂ ದಾರಿ. ಪ್ರತಿ ಅಪಾರ್ಟ್‌ಮೆಂಟಿನಲ್ಲೂ ವಾಚ್‌ಮನ್ ಬಳಸುವ ಶೌಚಾಲಯ ಇರುತ್ತದೆ. ಅದನ್ನು ನಮ್ಮವರಿಗೂ ಕೊಡಬೇಕು ಅಂತ ಕರಾರಿನಲ್ಲೇ ಬರೆಸಿ. ಲಿಫ್ಟ್ ವಿಷಯವೂ ಬರೆಸಿ. ಐದನೇ ಮಹಡಿಯಿಂದ ಕಲ್ಲು ಮಣ್ಣಿನ ಚೀಲವನ್ನು ಮೆಟ್ಟಿಲಲ್ಲಿ ಹೊರಿಸುವ ಅಪಾರ್ಟ್‌ಮೆಂಟುಗಳು ನಮ್ಮ ಊರಲ್ಲಿವೆ, ಲಿಫ್ಟ್ ಗಲೀಜಾಗುತ್ತದೆ ಅಂತ. ಲಿಫ್ಟ್ ತೊಳೆಯಬಹುದು. ಜಾರಿದ ಬೆನ್ನಿನ ಡಿಸ್ಕ್ ವಾಪಸ್ ಬರುವುದಿಲ್ಲ. ಸಿಮೆಂಟ್ ಚೀಲಕ್ಕೆ ಮಣ್ಣು ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ.

ಹಳೆ ಮನೆ ಖಾಲಿ ಮಾಡುವ ಕೆಲಸದಲ್ಲಿ ನನಗೆ ದೊಡ್ಡ ಭಯ ಇರುವುದು ಮಾಡಿನ ಸಿಮೆಂಟ್ ಶೀಟಿನ ಬಗ್ಗೆ. ಅಂಗಳದ ಚಪ್ಪರ, ಕೊಟ್ಟಿಗೆ, ಬಚ್ಚಲುಮನೆಯ ಮೇಲಿನ ಬೂದು ಬಣ್ಣದ ಏರಿಳಿತದ ಶೀಟು. ಅದರ ಮೇಲೆ ಕಾಲಿಟ್ಟರೆ ಸೀದಾ ಕೆಳಗೆ. ಹಾವಸೆ ಹಿಡಿದ ಹಳೆ ಶೀಟಿಗೆ ಮನುಷ್ಯನ ಭಾರ ಹೊರುವ ಶಕ್ತಿ ಇಲ್ಲ. ಬೋಲ್ಟ್ ಇರುವ ಸಾಲಿನಲ್ಲಿ ನಡೆದರೆ ಸಾಕು ಅನ್ನುವ ನಂಬಿಕೆಯೂ ಸುಳ್ಳು. ಕೆಳಗಿನಿಂದ ಏಣಿ ಅಥವಾ ಅಟ್ಟಣಿಗೆ ಕಟ್ಟಿ ಬೋಲ್ಟ್ ಕತ್ತರಿಸಿ ಇಳಿಸಬೇಕು. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹಳೆ ಶೀಟುಗಳಲ್ಲಿ ಕಲ್ನಾರು ಇರುತ್ತದೆ, ಅದನ್ನೇ ಆಸ್‌ಬೆಸ್ಟಾಸ್ ಅನ್ನುವುದು. ಸುತ್ತಿಗೆಯಲ್ಲಿ ಪುಡಿ ಮಾಡಿದರೆ ಅದರ ಎಳೆ ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಕಾಯಿಲೆ ತೋರುವುದು ಹತ್ತು, ಇಪ್ಪತ್ತು, ಕೆಲವೊಮ್ಮೆ ನಲವತ್ತು ವರ್ಷದ ನಂತರ. ಅಷ್ಟು ಹೊತ್ತಿಗೆ ಅದು ನಿಮ್ಮ ಶೆಡ್ಡಿನಿಂದ ಬಂದದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ಶೀಟನ್ನು ಒಡೆಯಬೇಡಿ. ನೀರು ಹಾಕಿ ಒದ್ದೆ ಮಾಡಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಬೇರೆ ಇಡಿ. ಇಲ್ಲಿ ಬಟ್ಟೆ ಮಾಸ್ಕ್ ಆಗದು, ಎಳೆ ಸೋಸುವ ಒಳ್ಳೆಯ ಫಿಲ್ಟರ್ ಇರುವ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಎಲ್ಲಿಗೆ ಕಳಿಸಬೇಕು ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ, ಸುಮ್ನೆ ಗುಂಡಿಗೆ ಸುರಿಯಬೇಡಿ.

ಹಂಚಿನ ಮಾಡು ಬಿಚ್ಚುವಾಗ ಪಕ್ಕಾಸು, ರೀಪು ಅನ್ನುವ ಮರದ ಪಟ್ಟಿಗಳ ಮೊಳೆ ಅಂಗಾಲಿಗೆ ಹೊಕ್ಕುತ್ತದೆ. ಉಕ್ಕಿನ ತಗಡು ಇರುವ ತಳದ ಬೂಟು ಬೇಕು, ಮೊಳೆಯನ್ನು ಅಲ್ಲೇ ಬಗ್ಗಿಸಬೇಕು. ಮೊದಲು ಮೇನ್ ಸ್ವಿಚ್ ತೆಗೆಸಿ. ಹಂಚಿನ ರಾಶಿ, ಸೌದೆ ರಾಶಿಗೆ ಕೋಲು ತಟ್ಟಿ. ಹಲಗೆ ಎತ್ತುವಾಗ ಅದರ ತೆರೆದ ಬದಿ ನಿಮ್ಮ ಕಡೆಗೆ ಇರದ ಹಾಗೆ ಎತ್ತಿ, ಹಾವು ಇದ್ದರೆ ಆಚೆಗೆ ಹೋಗುತ್ತದೆ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ, ಅಲ್ಲಾಡಿಸದೆ ಆಸ್ಪತ್ರೆಗೆ. ಹಳೆ ಮೊಬೈಲು, ಪವರ್ ಬ್ಯಾಂಕಿನ ಬ್ಯಾಟರಿಯನ್ನು ಒಣ ಕಸದ ಜೊತೆ ಒತ್ತಿದರೆ ಬೆಂಕಿ ಹತ್ತುತ್ತದೆ, ಬೇರೆ ಡಬ್ಬಿ ಇಡಿ.

ಮಳೆಗಾಲ ಬಂತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಕಸದವರಿಗೆ ಈ ತಿಂಗಳುಗಳಲ್ಲಿ ಇಲಿಜ್ವರ ಕಾಡುತ್ತದೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗುತ್ತದೆ. ಒಂದೆರಡು ವಾರಕ್ಕೆ ಜ್ವರ, ಮೀನಖಂಡದಲ್ಲಿ ಜೋರು ನೋವು, ಕಣ್ಣು ಕೆಂಪು. ತಡ ಮಾಡಿದರೆ ಕಾಮಾಲೆ, ಮೂತ್ರ ಕಡಿಮೆಯಾಗುವುದು, ಕಿಡ್ನಿಗೆ ಪೆಟ್ಟು. ಬೇಗ ಔಷಧ ಸಿಕ್ಕರೆ ಗುಣವಾಗುವ ಕಾಯಿಲೆ ಇದು. ಸಾವು ಬರುವುದು ಹೆಚ್ಚಾಗಿ ತಡದಿಂದ. ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಕೆಲಸಕ್ಕೆ ಬರುವುದನ್ನು ನಿಲ್ಲಿಸಿ. ಡಾಕ್ಟರ ಹತ್ತಿರ 'ನಾನು ಕಸದ ಕೆಲಸ ಮಾಡುತ್ತೇನೆ' ಅಂತ ಮೊದಲ ವಾಕ್ಯದಲ್ಲೇ ಹೇಳಬೇಕು. ಆ ಒಂದು ಮಾತಿನಿಂದ ಡಾಕ್ಟರು ಮಲೇರಿಯಾ, ಡೆಂಗಿ ಜೊತೆಗೆ ಇಲಿಜ್ವರವನ್ನೂ ನೋಡುತ್ತಾರೆ. ಜೋರು ಮಳೆಯ ದಿನಗಳಲ್ಲಿ ನೀರಿನಲ್ಲೇ ನಿಲ್ಲಬೇಕಾದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ರೂಢಿ ಇದೆ. ಆದರೆ ಅದನ್ನು ವೈದ್ಯರು ಬರೆದುಕೊಡಬೇಕು, ಬಸುರಿಯರಿಗೆ ಕೊಡುವಂತಿಲ್ಲ. ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿಸಿ. ಗಮ್‌ಬೂಟು ಎರಡು ಜೊತೆ ಕೊಡಿ, ಒದ್ದೆ ಬೂಟು ಮತ್ತೆ ಹಾಕಿದರೆ ಕಾಲು ಕೊಳೆಯುತ್ತದೆ.

ಪಚ್ಚನಾಡಿಯ ಕಸದ ಯಾರ್ಡಿನಲ್ಲಿ ಸುರಿಯಲು ಹೋಗುವವರಿದ್ದರೆ ಅವರಿಗೆ 2019ರ ಆಗಸ್ಟ್ ನೆನಪಿಸಿ. ಮಳೆಗೆ ಕಸದ ಗುಡ್ಡವೇ ಜಾರಿ ಮಂದಾರ ಅನ್ನುವ ಊರಿನ ತೋಟ, ಮನೆಗಳ ಕಡೆಗೆ ಹರಿಯಿತು. ಕಸದ ರಾಶಿ ಗಟ್ಟಿ ನೆಲ ಅಲ್ಲ. ಅದರ ಅಂಚಿಗೆ ಗಾಡಿ ಒಯ್ಯಬಾರದು, ಬುಡದಲ್ಲಿ ನಿಲ್ಲಬಾರದು.

ಗಾಡಿಯಿಂದ ಆಗುವ ಸಾವು ಸೂಜಿಯಷ್ಟು ಹೆದರಿಸುವುದಿಲ್ಲ, ಆದರೆ ಕೊಲ್ಲುವುದರಲ್ಲಿ ಅದೇ ಮುಂದೆ. ಬಿಜೈ, ಕದ್ರಿಯ ಇಳಿಜಾರು ಓಣಿಗಳಲ್ಲಿ ಹಿಂದಕ್ಕೆ ಬರುವ ಟಿಪ್ಪರ್ ಯಮ ಇದ್ದ ಹಾಗೆ. ರಿವರ್ಸ್ ಹೋಗುವಾಗ ಒಬ್ಬರು ಚಾಲಕನ ಕನ್ನಡಿಯಲ್ಲಿ ಕಾಣುವ ಕಡೆ ನಿಂತು ಕೈ ತೋರಿಸಬೇಕು. ಅವರು ಕಾಣದಾದ ಕ್ಷಣ ಗಾಡಿ ನಿಲ್ಲಬೇಕು. ಹಿಂದಿನ ಮೆಟ್ಟಿಲಲ್ಲಿ ನೇತಾಡುವುದು, ಲೋಡಿನ ಮೇಲೆ ಕೂರುವುದು ಇನ್ನು ಮುಂದೆ ಇಲ್ಲ. ಇಳಿಜಾರಿನಲ್ಲಿ ಚಕ್ರಕ್ಕೆ ಮರದ ಅಡ್ಡ. ಎತ್ತಿದ ಟ್ರಾಲಿಯ ಅಡಿಗೆ ಊರುಗೋಲು ಕೊಡದೆ ತಲೆ ಹಾಕಬಾರದು, ಹೈಡ್ರಾಲಿಕ್ ಪೈಪ್ ಒಡೆಯಲು ಅರೆ ಕ್ಷಣ ಸಾಕು.

ಕೊನೆಗೆ ಇಎಸ್‌ಐ. ಹತ್ತು ಮಂದಿ ಆದ ಕೂಡಲೇ ಅದು ಕಡ್ಡಾಯ, ದಿನಗೂಲಿಯವರೂ ಲೆಕ್ಕಕ್ಕೆ ಬರುತ್ತಾರೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಅನ್ವಯ. ಕೆಲಸಗಾರನ ಪಾಲು ನೂರಕ್ಕೆ 0.75, ನಿಮ್ಮದು 3.25. ಕೆಲಸದಲ್ಲಿ ಪೆಟ್ಟಾಗಿ ಕೂತರೆ ಸಂಬಳದ ನೂರಕ್ಕೆ 90ರಷ್ಟು ಅವನಿಗೆ ಬರುತ್ತದೆ, ಅದೂ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ. ಶಿವಬಾಗಿನ ಇಎಸ್‌ಐ ಆಸ್ಪತ್ರೆಯಲ್ಲಿ ಮನೆಮಂದಿಗೂ ಚಿಕಿತ್ಸೆ. ನೋಂದಣಿ ಮಾಡಿಸದೆ ಇದ್ದು ಅವಘಡ ಆದರೆ ಅದರ ಭಾರವೆಲ್ಲ ನಿಮ್ಮ ಮೇಲೆ. ಟಿಪ್ಪರ್ ಮಾರಿದರೂ ತೀರಲಿಕ್ಕಿಲ್ಲ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ದರದಿಂದಲೇ. ಗ್ಲೌಸ್, ಬೂಟು, ಲಸಿಕೆ, ಇಎಸ್‌ಐ, ಹೆಚ್ಚುವರಿ ಟ್ರಿಪ್ ಎಲ್ಲ ಕೂಡಿಸಿ ಪ್ರತಿ ಫ್ಲಾಟಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ, ಬಿಲ್ಲಿನಲ್ಲಿ 'ಕೆಲಸಗಾರರ ಸುರಕ್ಷತೆ' ಅಂತ ಬೇರೆ ಸಾಲಿನಲ್ಲಿ ಬರೆಯಿರಿ. ಹತ್ತಾರು ಮನೆಗಳಿಗೆ ಹಂಚಿದಾಗ ಅದು ತಿಂಗಳಿಗೆ ಸಣ್ಣ ಮೊತ್ತ. ಕಡಿಮೆ ದರದವರು ಬಂದು ಒಂದೆರಡು ಕಡೆ ಕೆಲಸ ಕೈತಪ್ಪಬಹುದು. ಅವರು ಕಡಿಮೆ ಹೇಳುವುದು ಯಾರ ಮೈಮೇಲೆ ಉಳಿಸಿ ಅನ್ನುವುದನ್ನು ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದುನಿಂತು ಹೇಳಿ. ಮುಂದಿನ ತಿಂಗಳ ಬಿಲ್ ಕಳಿಸುವ ಮೊದಲೇ ಈ ಮಾತು ಆಗಲಿ. ಹನ್ನೆರಡೂ ಮಂದಿಯ ಆಧಾರ್, ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ತೆಗೆದಿಟ್ಟುಕೊಂಡು ಇಎಸ್‌ಐ ನೋಂದಣಿಯನ್ನು ಈ ವಾರವೇ ಶುರು ಮಾಡಿ.